ಅಚ್ಚಿಗೆ ಕೊಡಬಹುದು

ಫೆಬ್ರವರಿ 11

ಪ್ರೀತಿಯ ಇಲಿ,

ನಿನಗೆ ಕೆಲಸ ಸಿಕ್ಕ ಸುದ್ದಿಯ ಪತ್ರ ಮೊನ್ನೆ ಬಂತು. ಮನೆಯ ಒಳಗೆ ಹೋಗುವಷ್ಟೂ ತಾಳ್ಮೆಯಿಲ್ಲದೆ ಮೆಟ್ಟಿಲ ಮೇಲೇ ಒಡೆದೆ. ಮಾಲೀಕರ ಸೊಸೆ ಬಟ್ಟೆ ಒಣಹಾಕುತ್ತಿದ್ದಳು. "ಏನ್ರೀ, ಮುಖ ಹೀಗೆ ಅರಳಿದೆ, ಲಾಟರಿ ಹೊಡೀತಾ?" ಎಂದು ಕೇಳಿದಳು. "ನನ್ನ ತಂಗಿಗೆ ಪತ್ರಿಕೆ ಆಫೀಸಲ್ಲಿ ಕೆಲಸ ಸಿಕ್ತು" ಎಂದೆ. "ಸರಿ ಬಿಡಿ, ಇನ್ನು ನಿಮಗೂ ರೆಸ್ಟು" ಎಂದಳು. ಅವಳು ಸುಮ್ಮನೆ ಅಂದದ್ದು. ನನಗೆ ಮಾತ್ರ ಯಾರೋ ಎದೆಯೊಳಗೆ ಕೈ ಹಾಕಿ ಬಚ್ಚಿಟ್ಟದ್ದನ್ನು ಹೊರಗೆ ತೆಗೆದ ಹಾಗಾಯಿತು.

ನಿನಗೆ ನೆನಪಿದೆಯೋ ಇಲ್ಲವೋ. ಅಪ್ಪ ಹೋದ ವಾರ ನಾನು ಕಾಲೇಜಿನ ಪುಸ್ತಕಗಳನ್ನು ಹಗ್ಗದಲ್ಲಿ ಕಟ್ಟಿ ಮಂಚದ ಕೆಳಗೆ ತಳ್ಳಿದೆ. ನೀನು ಹದಿನಾಲ್ಕರವಳು, ಮಂಚದ ಮೇಲೆ ಕೂತು ನೋಡುತ್ತಿದ್ದೆ. "ನಾನು ದುಡಿಯೋಕೆ ಶುರು ಮಾಡಿದ್ಮೇಲೆ ನಿನಗೆ ಒಂದು ಇಡೀ ವರ್ಷ ರಜೆ ಅಕ್ಕ. ಖರ್ಚೆಲ್ಲ ನಂದು. ನೀನು ಬರೀ ಓದ್ತಾ ಕೂತ್ಕೋ" ಎಂದೆ. ಮಕ್ಕಳು ಏನೇನೋ ಹೇಳುತ್ತಾರೆ. ಆದರೆ ನಾನು ಅದನ್ನು ಒಂಬತ್ತು ವರ್ಷ ಹಿಡಿದುಕೊಂಡೇ ಪ್ರೆಸ್ಸಿಗೆ ಹೋಗಿ ಬಂದಿದ್ದೇನೆ. ಔಷಧಿ ಡಬ್ಬಿಯೊಳಗಿನ ಚೀಟಿ, ದರಪಟ್ಟಿ, ಬಸ್ಸಿನ ವೇಳಾಪಟ್ಟಿ ತಿದ್ದುತ್ತ ತಿದ್ದುತ್ತ, ಆ ವರ್ಷದಲ್ಲಿ ಯಾವ ಪುಸ್ತಕ ಓದಬೇಕು ಎಂದು ನೋಟುಪುಸ್ತಕದ ಹಿಂದೆ ಬರೆದಿಡುತ್ತಿದ್ದೆ. ಈಗ ಪಟ್ಟಿಯಲ್ಲಿ ನೂರ ನಲವತ್ತು ಇವೆ.

ನಮ್ಮ ಹಿರಿಯ ತಿದ್ದುಗಾರರನ್ನು ನಾವೆಲ್ಲ ಭೂತಗನ್ನಡಿ ಎನ್ನುತ್ತೇವಲ್ಲ, ಅವರಿಗೆ ಬಾಯಿಬಿಟ್ಟೆ. "ಈ ಕೋಣೆಯಿಂದ ಇಲ್ಲಿತನಕ ಯಾರೂ ರಜಾ ತಗೊಂಡು ಹೋಗಿಲ್ಲಮ್ಮ, ಕಣ್ಣು ಹೋಗಿ ಹೋಗಿದಾರೆ" ಎಂದರು. ಆಮೇಲೆ ತಾವೇ ಕರಗಿ, ಒಂದು ವರ್ಷ ಜಾಗ ಇಟ್ಟುಕೊಳ್ಳುತ್ತೇನೆ, ಅದರ ಮೇಲೆ ಒಂದು ದಿನವೂ ಇಲ್ಲ ಎಂದರು.

ನೋಟೀಸು ಕೊಡಲೇ? ನೀನು ಹೇಳಿದ ಮೇಲೆಯೇ.

ನಿನ್ನ ಅಕ್ಕ

ಮಾರ್ಚ್ 6

ಅಕ್ಕ,

ತಡವಾಗಿ ಬರೆಯುತ್ತಿದ್ದೇನೆ. ನೆನಪಿದೆ. ನೆನಪಿಲ್ಲದೆ ಏನು?

ಆದರೆ ಈಗಲೇ ನೋಟೀಸು ಕೊಡಬೇಡ. ಇಲ್ಲಿ ಕೋಣೆಗೆ ಮೂರು ತಿಂಗಳ ಮುಂಗಡ ಕೊಟ್ಟೆ. ಆಫೀಸಿಗೆ ಹಾಕಿಕೊಳ್ಳುವಂಥ ಒಂದು ಜೊತೆ ಚಪ್ಪಲಿ ಇರಲಿಲ್ಲ. ಒಂದು ಸಂಬಳದಲ್ಲಿ ಎರಡು ಮನೆ ನಡೆಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನನಗೆ ಕಲಿಸಿದವಳೇ ನೀನು. ಸ್ವಲ್ಪ ತಡಿ.

ಒಂದು ದಾರಿ ಕಾಣುತ್ತಿದೆ. ನಾನು ಮೂಲೆಯ ಮೇಜಿನಲ್ಲಿ ಕೂರುತ್ತೇನೆ. ಸಂಪಾದಕಿಗೆ ನನ್ನ ದನಿ ಹೇಗಿದೆ ಎಂದೇ ಗೊತ್ತಿರಲಿಲ್ಲ ಅನ್ನಿಸುತ್ತದೆ. ಹೋದ ವಾರ ನನ್ನ ಮುಂದೆ ಬಂದು ನಿಂತು, "ನೀನು ಸಾಹಿತ್ಯ ಓದಿದವಳಲ್ವಾ? ಮನೆ ನಡೆಸೋ ಹೆಂಗಸರಿಗೆ ಬಿಡುವು, ಓದು, ಹಣ, ಇದರ ಬಗ್ಗೆ ತಿಂಗಳಿಗೊಂದು ಅಂಕಣ ಬರಿ. ಉಪದೇಶ ಬೇಡ, ನಗು ಬರ್ಬೇಕು" ಎಂದರು. ಅಂಕಣಕ್ಕೆ ಸಂಬಳದ ಮೇಲೆ ಬೇರೆ ದುಡ್ಡು. ಅದು ನೆಲೆಯೂರಿದರೆ ಆ ದುಡ್ಡು ಪೂರ್ತಿ ನಿನ್ನ ವರ್ಷಕ್ಕೆ.

ಆದರೆ ನನಗೆ ಮನೆ ನಡೆಸಿ ಗೊತ್ತಿಲ್ಲ. ನೀನು ಹೇಗೆ ನಡೆಸಿದೆ, ಯಾವಾಗ ಓದುತ್ತಿದ್ದೆ, ಎಲ್ಲ ಬಿಡಿಸಿ ಬರಿ. ಚಿಕ್ಕಚಿಕ್ಕದೂ ಬೇಕು.

ಈ ಪತ್ರದಲ್ಲಿ ತಪ್ಪುಗಳಿದ್ದರೆ ನಿನ್ನಲ್ಲೇ ತಿದ್ದಿಟ್ಟುಕೋ.

ಇಲಿ

ಮಾರ್ಚ್ 14

ಇಲಿ,

ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ನಿಮ್ಮ ಸಂಪಾದಕಿಗೆ ಅಗೆಯದೆಯೇ ಸಿಕ್ಕಿದೆ. ತಡಿ ಎಂದರೆ ತಡೆಯುತ್ತೇನೆ. ಒಂಬತ್ತು ವರ್ಷ ತಡೆದವಳಿಗೆ ಇನ್ನು ನಾಲ್ಕು ತಿಂಗಳು ಯಾವ ಲೆಕ್ಕ.

ಹಣದ ಬಗ್ಗೆ ಹೇಳುವುದಕ್ಕೆ ದೊಡ್ಡದೇನೂ ಇಲ್ಲ. ಸಂಬಳ ಬಂದ ದಿನ ಐದು ಲಕೋಟೆ. ಬಾಡಿಗೆ, ಹೊಟ್ಟೆ, ನಿನ್ನ ಹಾಸ್ಟೆಲು, ಕಾಯಿಲೆ, ಮತ್ತು "ಇತರೆ". ಇತರೆ ಲಕೋಟೆಯನ್ನು ಅಂಟು ಹಾಕಿ ಮುಚ್ಚುತ್ತಿದ್ದೆ. ತೆಗೆಯಬೇಕಾದರೆ ಹರಿಯಬೇಕು, ಹರಿದರೆ ಹೊಸ ಲಕೋಟೆ ಕೊಳ್ಳಬೇಕು. ಆ ಜಿಪುಣತನಕ್ಕೇ ಎಷ್ಟೋ ಸಲ ದುಡ್ಡು ಉಳಿಯಿತು. ನಗಬೇಡ.

ಓದು ಭಾನುವಾರ ಮಧ್ಯಾಹ್ನ. ಓದು ಅಂದರೆ ನಿನ್ನ ಹಾಗಲ್ಲ. ನಮ್ಮ ಕೆಲಸದಲ್ಲಿ ಪುಟವನ್ನು ಕೊನೆಯ ಪದದಿಂದ ಮೊದಲ ಪದಕ್ಕೆ ಓದಬೇಕು. ಸೇರಿದ ಮೊದಲ ದಿನವೇ ಭೂತಗನ್ನಡಿ ಹೇಳಿದ್ದರು: "ಅರ್ಥ ನೋಡ್ಬೇಡಮ್ಮ. ಅರ್ಥ ಒಳಗೆ ಬಂತು ಅಂದ್ರೆ ತಪ್ಪು ಹಿಂಬಾಗಿಲಿಂದ ಹೊರಗೆ ಹೋಗುತ್ತೆ." ಹಾಗೆ ಹಿಂದಿನಿಂದ ಓದಿ ಓದಿ, ಅಚ್ಚು ಕಂಡ ಕೂಡಲೇ ಕಣ್ಣು ತಾನಾಗಿ ಬಲದಿಂದ ಎಡಕ್ಕೆ ಹೊರಡುತ್ತದೆ. ನಿನ್ನ ಪತ್ರವನ್ನು ಎರಡು ಸಲ ಓದುತ್ತೇನೆ, ಒಮ್ಮೆ ಕಣ್ಣಿಗೆ, ಒಮ್ಮೆ ಮನಸ್ಸಿಗೆ. ಪುಸ್ತಕಕ್ಕೆ ಅಷ್ಟು ಹೊತ್ತು ಎಲ್ಲಿದೆ? ಅದಕ್ಕೇ ಆ ವರ್ಷ ಬೇಕು.

ಇದೆಲ್ಲ ನಿನ್ನ ಅಂಕಣಕ್ಕೆ ಆಗುತ್ತದೆಯೋ ಇಲ್ಲವೋ. ಆದರೆ ಹಾಕು.

ಅಕ್ಕ

ಮೇ 2

ಅಕ್ಕ,

ನೋಟೀಸು ಕೊಡು.

ಅಂಕಣ ನೆಲೆಯೂರಿತು. ಓದುಗರ ಪತ್ರಗಳು ಒಂದು ಬುಟ್ಟಿ ಬಂದಿವೆ. ಸಂಪಾದಕಿ ನನ್ನ ಮೇಜಿನ ಮೇಲೆ ಬುಟ್ಟಿ ಕವುಚಿ, "ನೋಡೇ, ಮಾತೇ ಆಡದವಳು ಎಷ್ಟು ಜನರನ್ನ ನಗಿಸಿದೀಯ" ಎಂದರು. ಎಲ್ಲರೂ ತಿರುಗಿ ನೋಡಿದರು. ನಾನು ಪೆನ್ನು ಬೀಳಿಸಿಕೊಂಡವಳ ಹಾಗೆ ಮೇಜಿನ ಕೆಳಗೆ ಬಗ್ಗಿದೆ.

ಜೂನ್ ಒಂದರಿಂದ ಪ್ರತಿ ತಿಂಗಳು ಐದನೇ ತಾರೀಕಿಗೆ ನಿನ್ನ ಖಾತೆಗೆ ಹಾಕುತ್ತೇನೆ. ಒಂದು ತಿಂಗಳೂ ತಪ್ಪಿಸುವುದಿಲ್ಲ.

ಪತ್ರಿಕೆ ಕಳಿಸುತ್ತಿದ್ದೇನೆ. ಅಂಕಣದ ಹೆಸರು "ಬಿಡುವಿನ ಬುತ್ತಿ". ಓದಿ ಏನನ್ನಿಸಿತು ಎಂದು ನಿಜ ಬರಿ. ಕೋಪ ಬಂದರೆ ಅದನ್ನೂ ಬರಿ.

ಇಲಿ

ಜೂನ್ 12

ಇಲಿ,

ನಾನೀಗ ಸ್ವತಂತ್ರಳು. ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ. ಎದ್ದು ಏನು ಮಾಡಬೇಕೋ ತಿಳಿಯದೆ ಮತ್ತೆ ಮಲಗುತ್ತೇನೆ, ಮಲಗಿದರೆ ತಪ್ಪು ಮಾಡಿದ ಹಾಗೆ ಅನ್ನಿಸಿ ಮತ್ತೆ ಏಳುತ್ತೇನೆ. ಮೊದಲ ಸೋಮವಾರ ತರಕಾರಿಗೆ ಎಂದು ಹೊರಟವಳು ಪ್ರೆಸ್ಸಿನ ಗೇಟಿನ ಮುಂದೆ ನಿಂತಿದ್ದೆ. ಗಾಣದ ಎತ್ತು. ಗೇಟಿನವ, "ಏನಕ್ಕಾ, ಬೀಗದ ಕೈ ಮರೆತ್ರಾ?" ಎಂದ. ಹೌದು ಎಂದು ಸುಳ್ಳು ಹೇಳಿ ವಾಪಸ್ ಬಂದೆ.

ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡಿದ್ದೇನೆ. ಪಟ್ಟಿಯ ಮೊದಲ ಪುಸ್ತಕ ಮುಗಿಸಿದೆ. ನಾನೂರು ಪುಟಕ್ಕೆ ಮೂವತ್ತೊಂದು ತಪ್ಪು! ಯಾರು ತಿದ್ದಿದ್ದೋ, ಅವರ ಕೈ ಮುರಿಯ.

ನಿನ್ನ ಅಂಕಣವನ್ನೂ ಓದಿದೆ. ಚೆನ್ನಾಗಿ ಬಂದಿದೆ. ಮೂರು ವಿಷಯ: ಎರಡನೇ ಪ್ಯಾರಾದಲ್ಲಿ ಪೂರ್ಣವಿರಾಮದ ಹಿಂದೆ ಜಾಗ ಬಿಟ್ಟಿದೆ. "ಲಕೋಟೆ" ಒಂದು ಕಡೆ ಸಾಲಿನ ತುದಿಯಲ್ಲಿ ಒಡೆದಿದೆ. "ತಿದ್ದಮ್ಮ" ಎಂಬ ಹೆಸರಿಗೆ ಮೊದಲ ಮೂರು ಕಡೆ ಉದ್ಧರಣ ಚಿಹ್ನೆ ಇದೆ, ಆಮೇಲೆ ಬಿಟ್ಟುಹೋಗಿದೆ. ಎಲ್ಲ ಕಡೆ ಒಂದೇ ಥರ ಇರಲಿ.

ಅಕ್ಕ

ಜೂನ್ 20

ಪ್ರೀತಿಯ ಅಕ್ಕ,

ನಿನ್ನ ಪತ್ರ ಬರುವವರೆಗೆ ಸರಿಯಾಗಿ ಊಟ ಮಾಡಿರಲಿಲ್ಲ. ಒಡೆಯಲು ಭಯವಾಗಿ ಒಂದು ದಿನ ಹಾಗೇ ಇಟ್ಟಿದ್ದೆ. ನೀನು ಬರೀ ಉದ್ಧರಣ ಚಿಹ್ನೆಯ ಬಗ್ಗೆ ಬರೆದಿದ್ದೀಯ. ಓದಿ ನಕ್ಕೆ, ಆಮೇಲೆ ಸ್ವಲ್ಪ ಅತ್ತೆ. ನಿನ್ನ ಮನಸ್ಸು ಇಷ್ಟು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ. ಬರವಣಿಗೆಯಲ್ಲಿ ಒಂದಿಷ್ಟು ಉಪ್ಪುಖಾರ ಹಾಕಬೇಕಾಗುತ್ತದೆ, ಅಷ್ಟೇ. ಹೆಸರಂತೂ ಹಾಕಿಲ್ಲ.

ಆದರೂ ನಿನಗೆ ತೋರಿಸದೆ ಇನ್ನು ಮುಂದೆ ಒಂದಕ್ಷರವೂ ಹೊರಗೆ ಹೋಗಬಾರದು ಎಂದು ತೀರ್ಮಾನ ಮಾಡಿದ್ದೇನೆ. ಮುಂದಿನ ಕಂತನ್ನು ಟೈಪ್ ಮಾಡಿ ಜೊತೆಗಿಟ್ಟಿದ್ದೇನೆ. ನೋಡಿ ವಾಪಸ್ ಕಳಿಸು. ಯಾವುದಾದರೂ ಸಾಲು ಬೇಡ ಅನ್ನಿಸಿದರೆ ಹೊಡೆದುಹಾಕು, ಯಾಕೆ ಎಂದು ಕೇಳುವುದಿಲ್ಲ. ನೀನು ಸರಿ ಎಂದರೆ ಮಾತ್ರ ಕೊಡುತ್ತೇನೆ.

ದಿನ ಹೇಗೆ ಕಳೆಯುತ್ತೀ, ಬರೆಯುತ್ತಿರು. ಗೇಟಿನವನ ಮಾತು ತುಂಬ ಚೆನ್ನಾಗಿತ್ತು.

ಇಲಿ

ಜೂನ್ 29

ಇಲಿ,

ನೋಡಿದೆ. ನಾಲ್ಕು ಕಡೆ ಗುರುತು ಹಾಕಿದ್ದೇನೆ. "ಬೇಡ" ಅನ್ನುವಂಥ ಸಾಲು ಯಾವುದೂ ಸಿಗಲಿಲ್ಲ. ಏಳನೇ ಸಾಲಿನಲ್ಲಿ ಒಂದೇ ಪದ ಎರಡು ಸಲ ಬಂದಿತ್ತು, ಒಂದನ್ನು ಹೊಡೆದಿದ್ದೇನೆ. ಅಚ್ಚಿಗೆ ಕೊಡಬಹುದು ಎಂದು ಕೆಳಗೆ ಬರೆದು ಸಹಿ ಹಾಕಿದ್ದೇನೆ. ಪ್ರತಿ ತಿಂಗಳೂ ಕಳಿಸು. ನನಗೂ ಕೈಗೆ ಕೆಲಸ.

ಉಪ್ಪುಖಾರ ಅಂದೆಯಲ್ಲ, ಅದು ಏನೆಂದು ತಿಳಿಯಲಿಲ್ಲ.

ಅಕ್ಕ

ಸೆಪ್ಟೆಂಬರ್ 3

ಇಲಿ,

ನಿನ್ನ ಮೂರನೇ ಟೈಪ್ ಪ್ರತಿಯನ್ನು ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ಸಹಿ ಹಾಕಿದೆ. ದುಡ್ಡು ಐದನೇ ತಾರೀಕಿಗೇ ಬರುತ್ತಿದೆ. ನೀನು ಮಾತು ಉಳಿಸಿಕೊಂಡೆ.

ಈಗ ಬರೆಯುವುದನ್ನು ನಿನ್ನಲ್ಲೇ ಇಟ್ಟುಕೋ. ಬೇರೆ ಯಾರಿಗೂ ಹೇಳಲಾರೆ.

ನನಗೆ ಓದಲು ಆಗುತ್ತಿಲ್ಲ. ಮೂರು ತಿಂಗಳಲ್ಲಿ ಇಪ್ಪತ್ತೆರಡು ಪುಸ್ತಕ ಮುಗಿಸಿದ್ದೇನೆ. ಪಟ್ಟಿಯಲ್ಲಿ ಗೆರೆ ಎಳೆಯುತ್ತ ಬಂದಿದ್ದೇನೆ. ಹೋದ ಶನಿವಾರ ಪುಸ್ತಕ ಹಿಂದಿರುಗಿಸಲು ಹೋದಾಗ ಬಾಡಿಗೆ ಗ್ರಂಥಾಲಯದಾಕೆ, "ಇದು ಓದಿ ನಾನು ಎರಡು ದಿನ ಅತ್ತೆ ಕಣ್ರೀ. ನಿಮಗೆ ಹೇಗನಿಸ್ತು?" ಎಂದು ಕೇಳಿದಳು. ನನ್ನ ಬಾಯಿಗೆ ಬಂದದ್ದು, "ನೂರ ಹನ್ನೆರಡನೇ ಪುಟದಲ್ಲಿ ಒಂದು ಸಾಲು ಎರಡು ಸಲ ಅಚ್ಚಾಗಿದೆ." ಅವಳು ನನ್ನ ಮುಖವನ್ನೇ ನೋಡಿದಳು. "ಅಲ್ಲ, ಕೊನೇಲಿ ಆ ತಾಯಿ..." ಎಂದಳು. ಯಾವ ತಾಯಿ? ನನಗೆ ಆ ಪುಸ್ತಕದಲ್ಲಿ ಒಬ್ಬ ತಾಯಿ ಇದ್ದಳೆಂದೇ ಗೊತ್ತಿರಲಿಲ್ಲ, ಇಲಿ.

ಮನೆಗೆ ಬಂದು ಎಡದಿಂದ ಬಲಕ್ಕೆ ಬೆರಳಿಟ್ಟು ಓದಿದೆ. ಒಂದನೇ ತರಗತಿಯ ಮಕ್ಕಳ ಹಾಗೆ ಜೋರಾಗಿ ಓದಿದೆ. ಎರಡು ಸಾಲು ಬರುತ್ತದೆ, ಮೂರನೆಯದರಲ್ಲಿ ಒಂದು ಅಲ್ಪವಿರಾಮ ಜಾಗ ತಪ್ಪಿದ್ದರೆ ಮುಗಿಯಿತು, ಕಣ್ಣು ಅಲ್ಲೇ ನೊಣದ ಹಾಗೆ ಕೂತುಬಿಡುತ್ತದೆ. ಕೂತು ತಿಂದರೆ ಕುಡಿಕೆ ಹೊನ್ನು ಸಾಲದು ಎಂದು ಅಪ್ಪ ಹೇಳುತ್ತಿದ್ದರು. ನಾನು ಕೂತು ತಿನ್ನುತ್ತಿದ್ದೇನೆ, ಅದೂ ನಿನ್ನ ಹೊನ್ನು, ಮತ್ತು ಬಾಯಿಗೆ ರುಚಿಯೇ ಇಲ್ಲ. ಒಂಬತ್ತು ವರ್ಷ ಇದೊಂದಕ್ಕೆ ಕಾದೆ. ನಿನ್ನೆ ಕಿಟಕಿಯ ಹತ್ತಿರ ಕೂತು ತುಂಬ ಅತ್ತೆ. ಮಾಲೀಕರ ಸೊಸೆ ಬಂದು, "ಕಾದಂಬರಿ ಅಷ್ಟು ಚೆನ್ನಾಗಿದೆಯಾ?" ಎಂದಳು.

ಯಾರಿಗೂ ಹೇಳಬೇಡ.

ಅಕ್ಕ

ಅಕ್ಟೋಬರ್ 10

ಅಕ್ಕ,

ದುಡ್ಡು ಹಾಕಿದ್ದೇನೆ. ಇಲ್ಲಿ ಕೆಲಸ ಹೆಚ್ಚು. ಸಂಪಾದಕಿ ಅಂಕಣವನ್ನು ಎರಡು ಪುಟ ಮಾಡಿದ್ದಾರೆ.

ಅಭ್ಯಾಸ ತಪ್ಪಿದೆ, ಬರುತ್ತದೆ. ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕಷ್ಟದ ಪುಸ್ತಕ ಬಿಟ್ಟು ಸುಲಭದ್ದು ಹಿಡಿ.

ಈ ಸಲದ ಪ್ರತಿ ಜೊತೆಗಿದೆ. ಇದನ್ನು ದಯವಿಟ್ಟು ಸ್ವಲ್ಪ ನಿಧಾನವಾಗಿ ನೋಡು. ಬೇಡ ಅಂದರೆ ಬೇರೆ ಬರೆಯುತ್ತೇನೆ. ನಿಜವಾಗಿ. ಹದಿನೆಂಟರೊಳಗೆ ತಿಳಿಸು.

ಇಲಿ

(ಟೈಪ್ ಪ್ರತಿಯ ಕೆಳಗೆ, ಕೆಂಪು ಶಾಯಿಯಲ್ಲಿ: ಆರು ತಪ್ಪು. ಪುಟಸಂಖ್ಯೆ 112 ಎಂಬುದನ್ನು ಅಕ್ಷರದಲ್ಲಿ ಬರೆಯುವುದು ಒಳ್ಳೆಯದು. ಅಚ್ಚಿಗೆ ಕೊಡಬಹುದು. ಅಕ್ಟೋಬರ್ 15)

ಡಿಸೆಂಬರ್ 5

ಇಲಿ,

ಹೋದ ಭಾನುವಾರ ಮಧ್ಯಾಹ್ನ ಮಾಲೀಕರ ಮನೆಗೆ ಬಾಡಿಗೆ ಕೊಡಲು ಹೋಗಿದ್ದೆ. ಸೊಸೆ ಅತ್ತೆಗೆ ಪತ್ರಿಕೆ ಓದಿ ಹೇಳುತ್ತಿದ್ದಳು. ಮುದುಕಿಗೆ ಕಣ್ಣು ಮಂಜು. "ಕೂತ್ಕೊಳ್ಳಿ, ನಿಮ್ಮ ತಂಗಿ ಬರೆದದ್ದೇ ಇದು, ನಮ್ಮನೇಲಿ ಇದಕ್ಕೆ ಕಾಯ್ತಾ ಇರ್ತೀವಿ" ಎಂದಳು. ಕೂತೆ. ಅವಳು ಚೆನ್ನಾಗಿ ಓದುತ್ತಾಳೆ, ದನಿ ಬದಲಿಸಿ ಓದುತ್ತಾಳೆ.

ತಿದ್ದಮ್ಮ ಎಂಬ ಒಬ್ಬಳು. ತಂಗಿಯ ದುಡ್ಡಿನಲ್ಲಿ ಒಂದು ವರ್ಷ ರಜೆ ಹಾಕಿ ಕೂತವಳು. ಲಕೋಟೆಗೆ ಅಂಟು ಹಾಕುವವಳು. ರಜೆಯ ಮೊದಲ ದಿನ ಕೆಲಸದ ಗೇಟಿಗೆ ಹೋಗಿ ನಿಲ್ಲುವವಳು. ಗ್ರಂಥಾಲಯದಲ್ಲಿ ಕಥೆ ಹೇಗಿತ್ತು ಎಂದು ಕೇಳಿದರೆ ನೂರ ಹನ್ನೆರಡನೇ ಪುಟ ಎನ್ನುವವಳು. "ಇವಳಿಗೆ ಹಸಿವು ಇದ್ದದ್ದು ಪುಸ್ತಕದ್ದಲ್ಲ, 'ನಾನು ಓದುವವಳು' ಅನ್ನಿಸಿಕೊಳ್ಳುವುದರದ್ದು." ಮುದುಕಿ ನಕ್ಕು ನಕ್ಕು ಕೆಮ್ಮಿದರು. "ಪಾಪ, ಯಾವ ಪುಣ್ಯಾತ್ಗಿತ್ತಿಯೋ" ಎಂದರು.

ನಾನೂ ನಕ್ಕೆ, ಇಲಿ. ಗೇಟಿನ ಪ್ರಸಂಗದವರೆಗೂ ನಕ್ಕೆ. ಗ್ರಂಥಾಲಯದ ಮಾತು ಬಂದಾಗ ನಗು ನಿಂತಿತು. ಸೊಸೆ ಪತ್ರಿಕೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದಳು, ಓದುವುದನ್ನು ನಿಲ್ಲಿಸಿದಳು. ಅವಳಿಗೆ ಆಗ ತಿಳಿಯಿತು. "ಅಯ್ಯೋ, ನಾನು..." ಎಂದಳು. ಬಾಡಿಗೆ ಮೇಜಿನ ಮೇಲಿಟ್ಟು ಬಂದೆ.

ಮನೆಗೆ ಬಂದು ಜುಲೈನಿಂದ ಈಚಿನ ಸಂಚಿಕೆಗಳನ್ನೆಲ್ಲ ಹರಡಿಕೊಂಡೆ. ಮೊದಲ ಪದದಿಂದ ಕೊನೆಯ ಪದಕ್ಕೆ ಓದಿದೆ. ಸರಾಗವಾಗಿ ಓದಿಸಿಕೊಂಡು ಹೋಯಿತು, ಎಲ್ಲೂ ನಿಲ್ಲಲಿಲ್ಲ. ಒಂದು ತಪ್ಪೂ ಇರಲಿಲ್ಲವಲ್ಲ, ನಾನೇ ತಿದ್ದಿದ್ದು. ನನ್ನ ಮಾನ ಬೀದಿಗೆ ಹೋಗುವಾಗ ಅದಕ್ಕೆ ಇಸ್ತ್ರಿ ಮಾಡಿ ಕಳಿಸಿದವಳು ನಾನೇ.

ಯಾರಿಗೂ ಹೇಳಬೇಡ ಎಂದಿದ್ದೆ. ನೀನು ಒಬ್ಬರಿಗೂ ಹೇಳಲಿಲ್ಲ. ಊರಿಗೆಲ್ಲ ಒಟ್ಟಿಗೇ ಹೇಳಿದೆ.

ಈ ತಿಂಗಳ ದುಡ್ಡನ್ನು ತಿರುಗಿ ನಿನ್ನ ಖಾತೆಗೆ ಹಾಕಿದ್ದೇನೆ.

ಅಕ್ಕ

ಡಿಸೆಂಬರ್ 27

ಅಕ್ಕ,

ಇಪ್ಪತ್ತು ದಿನ ಯೋಚಿಸಿ ಬರೆಯುತ್ತಿದ್ದೇನೆ. ಕ್ಷಮಿಸು ಎಂದು ಬರೆದ ನಾಲ್ಕು ಪತ್ರ ಹರಿದಿದ್ದೇನೆ, ಏಕೆಂದರೆ ಅದು ಅರ್ಧ ಸುಳ್ಳು.

ಪ್ರತಿಗಳೆಲ್ಲ ನನ್ನ ಮೇಜಿನ ಖಾನೆಯಲ್ಲಿವೆ. ಆರು. ಆರರಲ್ಲೂ ನಿನ್ನ ಕೈಯಲ್ಲಿ "ಅಚ್ಚಿಗೆ ಕೊಡಬಹುದು" ಎಂದಿದೆ, ಕೆಳಗೆ ಸಹಿ, ತಾರೀಕು. ನಾನು ಕೇಳಿದೆ. ಪ್ರತಿ ಸಲ ಕೇಳಿದೆ. ಅಕ್ಟೋಬರಿನಲ್ಲಿ ನಿಧಾನವಾಗಿ ನೋಡು ಎಂದು ಬೇಡಿಕೊಂಡೆ. ನೀನು ಪುಟಸಂಖ್ಯೆಯನ್ನು ಅಕ್ಷರದಲ್ಲಿ ಬರಿ ಎಂದೆ. ಅಷ್ಟು ನೋವನ್ನು ಪತ್ರದಲ್ಲಿ ಬರೆದವಳೇ, ಅದೇ ನೋವು ಟೈಪಾಗಿ ಮುಂದೆ ಬಂದಾಗ ಸಹಿ ಹಾಕಿದರೆ ನಾನು ಏನೆಂದುಕೊಳ್ಳಬೇಕಿತ್ತು? ಬರೆದು ಹಗುರಾಗಿದ್ದಾಳೆ, ಇನ್ನು ನಗಬಲ್ಲಳು ಎಂದುಕೊಂಡೆ. ಹಾಗೆಂದುಕೊಳ್ಳುವುದು ನನಗೆ ಅನುಕೂಲವೂ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ನಿನ್ನ ವರ್ಷದ ದುಡ್ಡು ಬಂದದ್ದು ತಿದ್ದಮ್ಮನಿಂದ. ತಿದ್ದಮ್ಮ ಇಲ್ಲದಿದ್ದರೆ ನಿನಗೆ ಕಿಟಕಿ ಪಕ್ಕದ ಕುರ್ಚಿಯೂ ಇರುತ್ತಿರಲಿಲ್ಲ. ನನ್ನ ಸಂಬಳ ಎಷ್ಟು ಎಂದು ನೀನು ಒಂದು ಸಲವಾದರೂ ಕೇಳಿದ್ದೀಯಾ?

ಇನ್ನೊಂದು. ಅರ್ಥ ನೋಡದೆ ತಿದ್ದುವ ನಿನ್ನ ಚಾಳಿಯನ್ನು ನೀನು ಈಗ ಕಂಡುಕೊಂಡವಳ ಹಾಗೆ ಬರೆಯುತ್ತೀ. ನನಗೆ ಅದರ ಬಿಸಿ ಐದು ವರ್ಷದ ಹಿಂದೆಯೇ ತಟ್ಟಿತ್ತು. ಹಾಸ್ಟೆಲಿನ ಮೊದಲ ವರ್ಷದ ಕೊನೆಯಲ್ಲಿ ನಿನಗೊಂದು ಪತ್ರ ಬರೆದಿದ್ದೆ. ಅಷ್ಟು ಉದ್ದದ ಪತ್ರ ನಾನು ಯಾರಿಗೂ ಬರೆದಿಲ್ಲ. ನೀನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಿದೆ. ಅದರಲ್ಲಿ ಏನಿತ್ತು ಎಂದು ಇವತ್ತಿನವರೆಗೆ ಕೇಳಿಲ್ಲ. ಆಮೇಲೆ ನಾನು ನಿನಗೆ ಮನಸ್ಸಿನ ಮಾತು ಬರೆಯುವುದನ್ನು ನಿಲ್ಲಿಸಿದೆ. ಬೇರೆಯವರಿಗೆ ನಿನ್ನ ಬಗ್ಗೆ ಬರೆಯುವುದು ಸುಲಭವಾದದ್ದು ಬಹುಶಃ ಅದಕ್ಕೇ.

ಇನ್ನು ಐದು ತಿಂಗಳ ದುಡ್ಡು ಬಾಕಿ. ನೀನು ಬೇಡ ಅಂದರೂ ಹಾಕುತ್ತೇನೆ. ಮಾತು ಮಾತೇ.

ಇಲಿ

ಫೆಬ್ರವರಿ 8

ಇಲಿ,

ದುಡ್ಡು ಹಾಕಬೇಡ. ಮತ್ತೆ ವಾಪಸ್ ಹಾಕಲು ಬ್ಯಾಂಕಿನ ಸಾಲಿನಲ್ಲಿ ನಿಲ್ಲುವುದು ನಾನು.

ಜನವರಿ ಎರಡರಿಂದ ಪ್ರೆಸ್ಸಿಗೆ ಹೋಗುತ್ತಿದ್ದೇನೆ. ಭೂತಗನ್ನಡಿ, "ವರ್ಷ ಅಂದ್ರಿ, ಏಳೇ ತಿಂಗಳಿಗೆ ಬಂದ್ರಲ್ಲ. ಸುಖ ಸೇರಲಿಲ್ವಾ?" ಎಂದರು. ಹಳೆಯ ಮೇಜು, ಹಳೆಯ ದೀಪ. ಮೊದಲ ವಾರ ಜ್ವರದ ಔಷಧಿಯ ಚೀಟಿ ಕೊಟ್ಟರು. ಕೊನೆಯ ಪದದಿಂದ ಹೊರಟೆ. ಅರ್ಧ ದಾರಿಯಲ್ಲಿ, "ಮಗುವಿಗೆ ಮೂರು ತಿಂಗಳು ತುಂಬಿರದಿದ್ದರೆ" ಎಂಬಲ್ಲಿಗೆ ಬಂದಾಗ ಕಣ್ಣು ತಿರುಗಿ ಎಡದಿಂದ ಬಲಕ್ಕೆ ನಡೆಯಿತು. ಯಾರ ಮಗುವೋ, ಬೆಳಗಿನ ಜಾವ ಯಾರು ಈ ಚೀಟಿ ಬಿಡಿಸಿ ಹಿಡಿದಿರುತ್ತಾರೋ ಎಂದೆಲ್ಲ ಕಂಡಿತು. ತಾಯಿಯ ಬೆರಳು ಕೂಡ ಕಂಡಿತು. ಅದೇ ಸಾಲಿನಲ್ಲಿ ಅರ್ಧ ಚಮಚ ಎನ್ನುವಲ್ಲಿ ಐದು ಚಮಚ ಎಂದು ಬಿದ್ದದ್ದು ಕಾಣಲಿಲ್ಲ. ಎಂಟು ಸಾವಿರ ಹಾಳೆ ಅಚ್ಚಾದ ಮೇಲೆ ಔಷಧಿಯವರೇ ಹಿಡಿದರು. ಒಂದೂ ಹೊರಗೆ ಹೋಗಿರಲಿಲ್ಲ, ಅದೊಂದು ಪುಣ್ಯ.

ಭೂತಗನ್ನಡಿ ಬೈಯಲಿಲ್ಲ. ನನ್ನ ಮುಂದೆ ಹಾಳೆ ಇಟ್ಟು ಮೆಲ್ಲಗೆ, "ಅರ್ಥ ಮಾಡ್ಕೊಂಡು ಓದಿದ್ರಾ?" ಎಂದರು. ಹೌದು ಎಂದೆ. "ಹಾಗಾದ್ರೆ ಇನ್ನು ಇಲ್ಲಿ ಕೂರಿಸೋಕಾಗಲ್ಲಮ್ಮ" ಎಂದರು. ಈಗ ಮಡಿಸುವ ವಿಭಾಗದಲ್ಲಿದ್ದೇನೆ. ಸಂಬಳ ಅರ್ಧ. ಆ ಮೇಜಿಗೆ ಹೊಸ ಹುಡುಗಿ ಬಂದಿದ್ದಾಳೆ, ಚುರುಕಾಗಿದ್ದಾಳೆ, ಏನೂ ಅರ್ಥವಾಗುವುದಿಲ್ಲ ಅವಳಿಗೆ.

ಕಾದಂಬರಿ ಈಗ ಓದಬಲ್ಲೆ. ನೀನೇ ಕಲಿಸಿದ್ದು, ಅದನ್ನೂ ಮುಚ್ಚಿಡುವುದಿಲ್ಲ. ಬರೀ ಕಾದಂಬರಿಯಲ್ಲ, ಎಲ್ಲವೂ ಅರ್ಥವಾಗುತ್ತದೆ. ಮಾಲೀಕರ ಸೊಸೆ ಈಚೆಗೆ ನನಗೆ ತುಂಬ ಮರ್ಯಾದೆ ಕೊಡುತ್ತಾಳೆ, ಅದೂ ಅರ್ಥವಾಗುತ್ತದೆ. ಹಾಸ್ಟೆಲಿನಿಂದ ನೀನು ಬರೆದ ಪತ್ರಗಳನ್ನೆಲ್ಲ ತೆಗೆದು ಮೊದಲಿನಿಂದ ಓದಿದೆ. ನೀನು ಹೇಳಿದ್ದು ನಿಜ. ಎರಡನೇ ವರ್ಷದಿಂದ ಈಚೆಗೆ ಬರೀ ಹವೆ, ಪರೀಕ್ಷೆ, ದುಡ್ಡು. ಅಲ್ಲಿ ನೀನಿಲ್ಲ.

ಸಂಬಳ ಎಷ್ಟು ಎಂದು ಕೇಳಲಿಲ್ಲ, ಅದು ನನ್ನ ತಪ್ಪು. ಆ ಕೆಂಪು ಶಾಯಿಯ ಪತ್ರದ ನೆನಪಿಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು. ಆ ವರ್ಷ ದೊಡ್ಡ ಮೇಜಿಗೆ ಬಡ್ತಿ ಸಿಗಲಿ ಎಂದು ಕಣ್ಣಿಗೆ ಬಿದ್ದದ್ದನ್ನೆಲ್ಲ ತಿದ್ದಿ ಅಭ್ಯಾಸ ಮಾಡುತ್ತಿದ್ದೆ. ನಿನ್ನ ಪತ್ರ ಊಟದ ಬಿಡುವಿನಲ್ಲಿ ಬಂದಿರಬೇಕು.

ಅದರಲ್ಲಿ ಏನಿತ್ತು? ಈಗ ಕೇಳುತ್ತಿದ್ದೇನೆ. ಬರಿ. ಓದಬಲ್ಲೆ.

ಅಕ್ಕ

ಫೆಬ್ರವರಿ 19

ಅಕ್ಕ,

ಹೇಳಬಾರದು ಎಂದುಕೊಂಡಿದ್ದೆ. ಈಗ ಹೇಳುವುದು ನಿನಗೆ ಒಳ್ಳೆಯದಕ್ಕಲ್ಲ, ಅದು ನನಗೂ ಗೊತ್ತು. ಆದರೂ ಕೇಳಿದೆಯಲ್ಲ.

ಆ ಸಲ ರಜೆಗೆ ಮನೆಗೆ ಬಂದಿದ್ದಾಗ ಒಂದು ಭಾನುವಾರ ಮಧ್ಯಾಹ್ನ ನೀನು ಕನ್ನಡಕ ಹಾಕಿಕೊಂಡೇ ಕೂತಲ್ಲಿ ನಿದ್ದೆ ಹೋಗಿದ್ದೆ. ತೊಡೆಯ ಮೇಲೆ ಪುಸ್ತಕ, ಮೊದಲ ಪುಟವೂ ತಿರುವಿರಲಿಲ್ಲ. ಹಾಸ್ಟೆಲಿಗೆ ಹೋದ ಮೇಲೆ ನನಗೆ ಅದೇ ಕಣ್ಣಮುಂದೆ. ನಮ್ಮ ಬೀದಿಯ ಕೊನೆಯ ಚಪ್ಪಲಿ ಅಂಗಡಿಯಲ್ಲಿ ಬಿಲ್ಲು ಬರೆಯಲು ಹುಡುಗಿ ಬೇಕೆಂದು ಫಲಕ ಹಾಕಿದ್ದರು. ಅವರಿಗೆ ಬರೆದೆ, ಬಾ ಎಂದರು. ನಿನ್ನ ಹಳೆಯ ಕಾಲೇಜಿಗೂ ಬರೆದೆ, ನಾಲ್ಕು ವರ್ಷದ ಹಿಂದೆ ಬಿಟ್ಟವರು ಎರಡನೇ ವರ್ಷಕ್ಕೆ ಮತ್ತೆ ಸೇರಬಹುದೇ ಎಂದು. ಸೇರಬಹುದು, ಆ ಜೂನ್ ಕೊನೆಯ ಅವಕಾಶ ಎಂದರು. ಅರ್ಜಿಯನ್ನೂ ಕಳಿಸಿದರು.

ಅದನ್ನೇ ನಿನಗೆ ಬರೆದದ್ದು. ನಾನು ಓದು ಬಿಟ್ಟು ಬರುತ್ತೇನೆ ಅಕ್ಕ, ನನಗಿಂತ ನಿನಗೆ ಅದು ಹೆಚ್ಚು ಬೇಕು, ನಿನಗಿನ್ನೂ ಇಪ್ಪತ್ಮೂರು. ಮೂರು ವರ್ಷ ನಾನು ದುಡಿಯುತ್ತೇನೆ, ಆಮೇಲೆ ನನ್ನ ಸರದಿ. ಹೂಂ ಅಂತ ಒಂದೇ ಒಂದು ಪದ ಬರಿ, ಮರುದಿನವೇ ಹೊರಡುತ್ತೇನೆ, ಪೆಟ್ಟಿಗೆ ಕಟ್ಟಿಟ್ಟಿದ್ದೇನೆ.

ಹನ್ನೊಂದನೇ ದಿನ ನನ್ನದೇ ಪತ್ರ ವಾಪಸ್ ಬಂತು. ಐದು ಕಡೆ ಕೆಂಪು ಗುರುತು. ಹೂಂ ಅಂತಲೂ ಇರಲಿಲ್ಲ, ಬೇಡ ಅಂತಲೂ ಇರಲಿಲ್ಲ. ಜೊತೆಗೆ ನನ್ನ ಎರಡನೇ ವರ್ಷದ ಶುಲ್ಕ. ಆಗ ಅದೇ ನಿನ್ನ ಉತ್ತರ ಎಂದುಕೊಂಡೆ. ನೀನು ತ್ಯಾಗ ಮಾಡುತ್ತಿದ್ದೀಯ, ಮತ್ತೆ ಆ ಮಾತು ಎತ್ತಬಾರದು ಎಂದುಕೊಂಡೆ.

ಪೆಟ್ಟಿಗೆ ಬಿಚ್ಚಿ, ಬಟ್ಟೆಗಳನ್ನು ಮತ್ತೆ ಗೂಟಕ್ಕೆ ಹಾಕಿ, ಶುಲ್ಕ ಕಟ್ಟುವ ಸಾಲಿನಲ್ಲಿ ಹೋಗಿ ನಿಂತೆ.

ಇಲಿ